ಬೋಸ್ನಿಯಾ ಪಾಲು ಮಾಡೋಕೆ ಕೂತಾಗ: ನನ್ನ ಅನುಭವ

ಹಂಗಾಗದೆ ಹಿಂಗಾಗಿದ್ರೆ ಏನಾಗ್ತಿತ್ತು ಅಂತ ಬರೆಯೋ ಪರ್ಯಾಯ ಇತಿಹಾಸ ನನಗೆ ಹಳೇ ಚಟ, ಕಥೆ ಜೊತೆ ಮ್ಯಾಪನ್ನೂ ನಾನೇ ಮಾಡ್ಕೋತೀನಿ. ಈ ಸಲ ಕೈಗೆತ್ಕೊಂಡಿದ್ದು ಬೋಸ್ನಿಯಾ, ಯುಗೊಸ್ಲಾವಿಯಾ ಒಡೆದಾಗ 1992ರಿಂದ 1995ರವರೆಗೆ ಸರ್ಬ್, ಕ್ರೋಟ್, ಮುಸ್ಲಿಂ ಜನಾಂಗಗಳ ನಡುವೆ ಯುದ್ಧ ನಡೆದ ದೇಶ. 1993ರಲ್ಲಿ ಯುದ್ಧ ನಿಲ್ಸೋಕೆ, ಇಬ್ಬರು ಸಂಧಾನಕಾರರ ಹೆಸರಲ್ಲಿ ಓವೆನ್-ಸ್ಟೋಲ್ಟನ್‌ಬರ್ಗ್ ಪ್ಲಾನ್ ಅಂತ ಬಂದಿತ್ತು, ಹೆಸರಿಗೆ ಒಂದು ದೇಶ, ಒಳಗೆ ಸರ್ಬ್, ಕ್ರೋಟ್, ಮುಸ್ಲಿಂ ಅಂತ ಮೂರು ರಿಪಬ್ಲಿಕ್, ನೆಲದ ಲೆಕ್ಕದಲ್ಲಿ ಸರ್ಬರಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಮುಸ್ಲಿಮರಿಗೆ ಸುಮಾರು 30 ಪರ್ಸೆಂಟ್, ಮಿಕ್ಕಿದ್ದು ಕ್ರೋಟರಿಗೆ. ಸೆಪ್ಟೆಂಬರ್ ಕೊನೇಲಿ ರಾಜಧಾನಿ ಸರಾಯೆವೊದ ಅಸೆಂಬ್ಲಿ, ಬಲವಂತವಾಗಿ ಕಿತ್ಕೊಂಡಿರೋ ಜಾಗ ವಾಪಸ್ ಕೊಟ್ರೆ ಮಾತ್ರ ಅಂತ ಷರತ್ತು ಹಾಕ್ತು, ಪ್ಲಾನ್ ಅಲ್ಲಿಗೇ ಬಿದ್ಹೋಯ್ತು. ನನ್ನ ಕಥೇಲಿ ಅಸೆಂಬ್ಲಿ ಹೂಂ ಅನ್ನುತ್ತೆ. ನಾನು ತಿದ್ದಿದ್ದು ಅದೊಂದನ್ನೇ.

ಇನ್ನೂ ಹಿಂದಕ್ಕೆ ಹೋಗಬಹುದಿತ್ತಲ್ಲ ಅಂತ ಕೇಳೋರಿದಾರೆ. 1992ರ ಮಾರ್ಚಲ್ಲಿ, ದೇಶಾನ ಜನಾಂಗದ ಲೆಕ್ಕದಲ್ಲಿ ಭಾಗ ಮಾಡೋ ಲಿಸ್ಬನ್ ಒಪ್ಪಂದಕ್ಕೆ ಬೋಸ್ನಿಯಾ ಅಧ್ಯಕ್ಷ ಇಜೆಟ್‌ಬೆಗೊವಿಚ್ ಒಪ್ಪಿ ಆಮೇಲೆ ಹಿಂದೆ ಸರಿದ್ರು, ಅಲ್ಲಿಂದ ಶುರು ಮಾಡಿದ್ರೆ ಯುದ್ಧಾನೇ ಶುರುವಾಗದ ದೇಶ ಸಿಗುತ್ತೆ, ಬರೆಯೋರಿಗೆ ಆರಾಮ. ನನಗೆ ಬೇಕಿದ್ದಿದ್ದು ಆಗಲೇ ಅರ್ಧ ಸುಟ್ಟು ಹೋಗಿರೋ ದೇಶದ ಮೇಲೆ ಗೆರೆ ಎಳೆಯೋದು ಹೆಂಗಿರುತ್ತೆ ಅನ್ನೋದು.

ಮೊದಲು 1991ರ ಜನಗಣತಿ ತಗೊಂಡು ಎಕ್ಸೆಲ್‌ಗೆ ಹಾಕ್ದೆ, ಅಲ್ಲಿಂದ ಮ್ಯಾಪ್ ಮಾಡೋ ಸಾಫ್ಟ್‌ವೇರ್ ಕ್ಯೂಜಿಐಎಸ್‌ಗೆ. ಒಟ್ಟು ಸುಮಾರು 43.8 ಲಕ್ಷ ಜನ, ಮುಸ್ಲಿಮರು 43.5 ಪರ್ಸೆಂಟ್, ಸರ್ಬರು 31, ಕ್ರೋಟರು 17, ಆಮೇಲೆ ನಾವು ಯಾವುದೂ ಅಲ್ಲ, ಯುಗೊಸ್ಲಾವ್ ಅಂತ ಬರೆಸಿದೋರು ಐದೂವರೆ ಪರ್ಸೆಂಟ್, ಅಂದ್ರೆ ಎರಡು ಲಕ್ಷ ಚಿಲ್ಲರೆ. ಮೂರು ಬಣ್ಣ ಇಟ್ಕೊಂಡು ಕೂತೋನಿಗೆ ಈ ಎರಡು ಲಕ್ಷ ಜನಾನ ಎಲ್ಲಿ ಹಾಕೋದು ಅಂತ ಗೊತ್ತಾಗಲ್ಲ, ಇವರಲ್ಲಿ ಎಷ್ಟೋ ಜನ ಬೇರೆ ಜನಾಂಗದೋರನ್ನ ಮದುವೆ ಆಗಿರೋ ಸಿಟಿಯೋರು, ಗಂಡ ಒಂದು ರಿಪಬ್ಲಿಕ್ಕು ಹೆಂಡ್ತಿ ಇನ್ನೊಂದು. ಇವರಿಗೆ ನಾನು ಬೂದು ಬಣ್ಣ ಕೊಟ್ಟೆ, ಕೊನೇವರೆಗೂ ತೆಗೀಲಿಲ್ಲ.

ಇನ್ನೊಂದು, ಒಪ್ಶ್ಟಿನಾಗೆ (ನಮ್ಮ ತಾಲ್ಲೂಕಿನ ಥರ) ಪೂರ್ತಿ ಬಣ್ಣ ಬಳಿಯೋ ಮ್ಯಾಪನ್ನ ನಂಬಲೇಬೇಡಿ. ದ್ರ್ವಾರ್ ಅಂತ ಪಶ್ಚಿಮದ ಗುಡ್ಡಗಾಡು, ನೂರಕ್ಕೆ 97 ಸರ್ಬರು, ಮ್ಯಾಪಲ್ಲಿ ಅಷ್ಟಗಲ ಕಾಣುತ್ತೆ, ಜನ ಮಾತ್ರ 17 ಸಾವಿರದ ಆಸುಪಾಸು. ಸರಾಯೆವೊದ ನೋವಿ ಗ್ರಾದ್ ಅಷ್ಟಿಷ್ಟು ಚುಕ್ಕೆ, ಅದರಲ್ಲಿ 1 ಲಕ್ಷ 36 ಸಾವಿರ. ಅದಕ್ಕೇ ನಾನು ಊರಿಗೊಂದು ಚುಕ್ಕೆ, ಜನಸಂಖ್ಯೆ ಮೇಲೆ ಚುಕ್ಕೆ ಸೈಜು ಅಂತ ಮಾಡ್ದೆ. ಹಂಗೆ ಮಾಡಿದ ತಕ್ಷಣ ನೀಟಾಗಿದ್ದ ಗಡಿಗಳೆಲ್ಲ ಮಾಯ. ತಾಲ್ಲೂಕನ್ನ ಯೂನಿಟ್ ಮಾಡಿದ್ರೆ ಒಬ್ಬ ಗೆಲ್ತಾನೆ, ಹಳ್ಳೀನ ಯೂನಿಟ್ ಮಾಡಿದ್ರೆ ಇನ್ನೊಬ್ಬ, ಬೆಳಗಾವಿ ಗಲಾಟೆ ಕೇಳ್ಕೊಂಡು ಬೆಳೆದಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಆದ್ರೆ ಯೂನಿಟ್‌ಗಿಂತ ದೊಡ್ಡ ತಲೆನೋವು ಯಾವ ವರ್ಷದ ತಲೆ ಎಣಿಸ್ತೀರಿ ಅನ್ನೋದು. ಪ್ರಿಯೆದೊರ್ ತಗೊಳ್ಳಿ. 1991ರಲ್ಲಿ ಮುಸ್ಲಿಮರು 44, ಸರ್ಬರು 42 ಪರ್ಸೆಂಟ್, ಹೆಚ್ಚುಕಮ್ಮಿ ಸಮ ಸಮ. 1992ರ ಬೇಸಿಗೇಲಿ ಸರ್ಬರಲ್ಲದೋರೆಲ್ಲ ಮನೆ ಮೇಲೆ ಬಿಳಿ ಬಟ್ಟೆ ಕಟ್ಟಬೇಕು ಅಂತ ಆರ್ಡರ್ ಆಯ್ತು, ಒಮಾರ್ಸ್ಕಾ, ಕೆರಾಟೆರ್ಮ್, ತ್ರ್ನೊಪೊಲ್ಯೆ ಕ್ಯಾಂಪುಗಳು ಬಂದ್ವು, ಕೊಂದಿದ್ದು ಕೊಂದು ಮಿಕ್ಕೋರನ್ನ ಓಡಿಸಿದ್ರು. 1993ರಲ್ಲಿ ಯಾರಾದ್ರೂ ಅಲ್ಲಿ ಮೆಜಾರಿಟಿ ನೋಡಿ ಗೆರೆ ಎಳೆದ್ರೆ, ಓಡಿಸಿದೋನಿಗೇ ಪಟ್ಟಾ ಬರೆದುಕೊಟ್ಟಂಗೆ. 1991 ನೋಡಿ ಎಳೆದ್ರೆ, ಅಲ್ಲಿರೋ ಸೈನ್ಯಾನ ಎಬ್ಬಿಸೋರ್ಯಾರು? ಈ ಥರದ್ದು ಬರೆಯೋ ಹೊಸಬರಿಗೆ ನಾನು ಹೇಳೋದು ಇದೊಂದೇ: 1991ರ ಲೇಯರ್ ಒಂದು, 1993ರ ಯುದ್ಧರೇಖೆ ಲೇಯರ್ ಒಂದು, ಎರಡನ್ನೂ ಒಂದರ ಮೇಲೊಂದು ಇಟ್ಟು ಎಲ್ಲಿ ಹೊಂದಲ್ವೋ ಆ ಊರುಗಳ ಪಟ್ಟಿ ಮಾಡ್ಕೊಳಿ. ಕಥೆ ಇರೋದು ಆ ಪಟ್ಟೀಲಿ. ನನ್ನ ಅಧ್ಯಾಯಗಳೆಲ್ಲ ಅಲ್ಲಿಂದಲೇ ಬಂದಿದ್ದು, ಜ್ವೊರ್ನಿಕ್, ಫೋಚಾ, ಬ್ರಚ್ಕೊ.

ಗೆರೆ ಎಳೆಯೋದೂ ಅಷ್ಟು ಸಲೀಸಲ್ಲ. 1:50,000 ಮ್ಯಾಪಲ್ಲಿ ಒಂದು ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 50 ಮೀಟರ್, ಒಂದು ಬೀದಿ ಪೂರ್ತಿ ಮುಳುಗುತ್ತೆ. ಇದು ಕಲ್ಪನೆ ಅಲ್ಲ, ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದದ ಗೆರೆ ಸರಾಯೆವೊದ ಡೊಬ್ರಿನ್ಯಾ ಬಡಾವಣೇಲಿ ಅಪಾರ್ಟ್‌ಮೆಂಟ್ ಬ್ಲಾಕ್‌ಗಳ ನಡುವೆಯೇ ಹಾದುಹೋಗಿತ್ತು, ಹಾಲ್ ಒಂದು ಕಡೆ ಬೆಡ್‌ರೂಮ್ ಇನ್ನೊಂದು ಕಡೆ ಅನ್ನೋ ಮನೆಗಳೂ ಇದ್ವು, ಅದು ಮಧ್ಯಸ್ಥಿಕೆ ಆಗಿ ಬಗೆಹರಿದಿದ್ದು 2001ರಲ್ಲಿ. ನಾನು ಆ ಬ್ಲಾಕ್ ಮೇಲೆ ಒಂದು ಇಡೀ ಭಾಗ ಬರೆದೆ, ನೀರಿನ ಬಿಲ್ ಯಾವ ರಿಪಬ್ಲಿಕ್‌ಗೆ ಕಟ್ಟೋದು ಅಂತ ಜಗಳ.

ಜನಾನ ಸಾಗಿಸೋ ಅಧ್ಯಾಯ ಬರೆಯೋಕೆ ಮನಸ್ಸೇ ಬರ್ಲಿಲ್ಲ. ಈ ಥರ ಬರೆಯೋರಲ್ಲಿ ಬಹಳ ಜನ "ಜನಸಂಖ್ಯಾ ವಿನಿಮಯ ನಡೆಯಿತು" ಅಂತ ಒಂದು ಸಾಲು ಹಾಕಿ ಮುಂದೆ ಹೋಗ್ತಾರೆ, ನನಗದು ಕಳ್ಳತನ ಅನ್ಸುತ್ತೆ. ನಾನು 1996ರ ನಿಜವಾದ ಘಟನೆ ಇಟ್ಕೊಂಡೆ. ಫೆಬ್ರವರಿ-ಮಾರ್ಚಲ್ಲಿ ಇಲಿಜಾ, ವೊಗೊಶ್ಚಾ, ಗ್ರ್ಬಾವಿತ್ಸಾ ಕಡೆ ಸರಾಯೆವೊ ಏರಿಯಾಗಳು ಕೈ ಬದಲಾದಾಗ ಹತ್ತಾರು ಸಾವಿರ ಸರ್ಬರು ಊರು ಬಿಟ್ಟರು, ಕಿಟಕಿ ಬಾಗಿಲು ಕಿತ್ಕೊಂಡು ಲಾರಿಗೆ ಹಾಕಿದ್ರು, ಕೆಲವರು ಸಮಾಧಿ ಅಗೆದು ಮನೆಯೋರ ಶವಪೆಟ್ಟಿಗೆಯನ್ನೂ ತಗೊಂಡು ಹೋದ್ರು. ಒಪ್ಪಂದ ಆಗಿ, ಶಾಂತಿಪಡೆ ಬಂದು ನಿಂತಿದ್ದಾಗಲೇ ಹಿಂಗೆ. ಸುಸೂತ್ರವಾಗಿ ಆಗೋ ವಿಭಜನೆ ಅನ್ನೋ ಮಾತು ಆಮೇಲೆ ನಾನು ಎಲ್ಲೂ ಬರೀಲಿಲ್ಲ.

ಇಷ್ಟೆಲ್ಲ ಆದ್ಮೇಲೂ ನನ್ನನ್ನ ಬಿಡದೆ ಕಾಡೋದು ಸ್ರೆಬ್ರೆನಿತ್ಸಾ. 1993ರಲ್ಲೇ ಯುದ್ಧ ನಿಂತಿದ್ರೆ 1995ರ ಜುಲೈಲಿ ಸರ್ಬ್ ಸೈನ್ಯ ಅಲ್ಲಿ ನಡೆಸಿದ ಹತ್ಯಾಕಾಂಡ ಆಗಲ್ಲ, ಎಂಟು ಸಾವಿರಕ್ಕೂ ಹೆಚ್ಚು ಗಂಡಸರು, ಹುಡುಗರು ಬದುಕಿರ್ತಾರೆ. ವಿಭಜನೆ ನನಗೆ ಸುತಾರಾಂ ಇಷ್ಟ ಇಲ್ಲ, ಆದ್ರೂ ಈ ಲೆಕ್ಕ ಮುಚ್ಚಿಟ್ಟು ಬರೆದ್ರೆ ನಾನು ಇತಿಹಾಸ ಬರೆದಂಗಲ್ಲ, ಪ್ರಚಾರ ಮಾಡಿದಂಗೆ. ಹಾಗಾಗಿ ಒಂದು ಅಧ್ಯಾಯದಲ್ಲಿ ಆ ಊರಿನ ಒಬ್ಬ ಮೇಷ್ಟ್ರು 1996ರಲ್ಲಿ ಪಾಠ ಮಾಡ್ತಾ ಇರ್ತಾರೆ, ಅಷ್ಟೇ, ಏನೂ ಆಗಲ್ಲ. ಕೆಲವು ಓದುಗರು ಇದು ಯಾಕಿದೆ ಅಂತ ಕೇಳಿದ್ರು.

ಸದ್ಯಕ್ಕೆ ಕೈಯಲ್ಲಿರೋದು ವಾಯುವ್ಯ ಮೂಲೆಯ ಬಿಹಾಚ್ ಭಾಗ. ಫಿಕ್ರೆತ್ ಅಬ್ದಿಚ್ ಅನ್ನೋ ವೆಲಿಕಾ ಕ್ಲಾದುಶಾದ ಉದ್ಯಮಿ, ತಾನೂ ಮುಸ್ಲಿಮನೇ, ಪ್ಲಾನ್ ಒಪ್ಪಿ ಅಂತ ಹೇಳ್ತಿದ್ದೋನು, 1993ರ ಆ ಸೆಪ್ಟೆಂಬರ್ ಕೊನೇ ವಾರದಲ್ಲೇ ಸ್ವಾಯತ್ತ ಪ್ರಾಂತ್ಯ ಘೋಷಿಸಿ ಸರಾಯೆವೊ ಸೈನ್ಯದ ಮೇಲೇ ಯುದ್ಧಕ್ಕೆ ಬಿದ್ದ. ನನ್ನ ಕಥೇಲಿ ಪ್ಲಾನ್ ಪಾಸಾಗಿದೆ, ಅಂದ್ರೆ ಅವನು ಬಂಡಾಯ ಏಳೋಕೆ ಕಾರಣ ಇಲ್ಲ. ಆದ್ರೆ ಇಜೆಟ್‌ಬೆಗೊವಿಚ್‌ಗೆ ಎದುರಾಳಿ ಆಗಿ ಸರಾಯೆವೊದಲ್ಲೇ ಕೂತಿರ್ತಾನೆ. ಅವನನ್ನ ಪ್ರಧಾನಿ ಮಾಡೋದಾ ಬೇಡವಾ ಅಂತ ಇನ್ನೂ ಡಿಸೈಡ್ ಮಾಡಿಲ್ಲ.