ಚೌತಿಗೆ ಬಣ್ಣ ಬೇಡ, ಮೊದಲು ಗೋಡೆ ಒಣಗಲಿ

ಶ್ರಾವಣ ಕಾಲಿಟ್ಟಿತೆಂದರೆ ಕಾರವಾರದ ಬಣ್ಣದ ಅಂಗಡಿಗಳ ಮುಂದೆ ಜನ ಸೇರುತ್ತಾರೆ. ಗಣಪತಿ ಬರುವ ಮನೆ, ಗೋಡೆ ಹೀಗಿದ್ದರೆ ಹೇಗೆ ಎಂಬ ಚಿಂತೆ. ಸರ್ಕಾರಿ ವಸತಿಗೃಹಗಳಲ್ಲಿ, ಹೌಸಿಂಗ್ ಬೋರ್ಡಿನ ಮನೆಗಳಲ್ಲಿ, ಆಶ್ರಯ ಮನೆಗಳಲ್ಲಿ, ತೋಡೂರಿನ ಪುನರ್ವಸತಿ ಕಾಲೊನಿಯಲ್ಲಿ ಎಲ್ಲ ಕಡೆಯೂ ಒಂದೇ ಪ್ರಶ್ನೆ: "ಅಕ್ಕೋರೇ, ಮಳೆಗೆ ಗೋಡೆಯೆಲ್ಲ ಹಕ್ಕಳೆ ಎದ್ದಿದೆ, ಯಾವ ಕಂಪನಿಯ ಬಣ್ಣ ಹೊಡೆಸಲಿ?" ಯಾವುದನ್ನೂ ಹೊಡೆಸಬೇಡಿ ಎನ್ನುತ್ತೇನೆ. ನಿವೃತ್ತಿಯಾದರೂ ಶಾಲೆಯ ಗದರುವ ದನಿ ಹೋಗಿಲ್ಲ, ಕೇಳಿದವರು ಬೇಸರ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.

ನಮ್ಮ ಕಡೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ನೆಟ್ಟಗೆ ಸುರಿದು ಹೋಗುವ ಮಳೆಯಾಗಿದ್ದರೆ ಚಿಂತೆಯಿರಲಿಲ್ಲ. ಕಡಲ ಗಾಳಿ ಅದನ್ನು ತಳ್ಳಿಕೊಂಡು ಬಂದು ಪಶ್ಚಿಮದ ಗೋಡೆಗೆ ಬಡಿಯುತ್ತದೆ. ಹಳೆಯ ಮನೆಗಳ ಗೋಡೆ ಹೆಚ್ಚಾಗಿ ಚಿರೆಕಲ್ಲಿನದು. ತೂತು ತೂತಾದ ಆ ಕಲ್ಲು ಕುಡಿದ ನೀರನ್ನು ಬಿಡಲು ತಿಂಗಳುಗಳು ಬೇಕು. ಭಾದ್ರಪದದ ಹೊತ್ತಿಗೆ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಹಸಿಯೇ ಇರುತ್ತದೆ. ಅದರ ಮೇಲೆ ಪುಟ್ಟಿ ಬಳಿದು ಹೊಳೆಯುವ ಪ್ಲಾಸ್ಟಿಕ್ ಬಣ್ಣ ಹೊಡೆಸುವುದೆಂದರೆ ಒದ್ದೆ ಸೀರೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟ ಹಾಗೆ. ಹೊರಬರಲು ದಾರಿಯಿಲ್ಲದ ನೀರು ಬಣ್ಣವನ್ನೇ ಎತ್ತಿ ಗುಳ್ಳೆ ಮಾಡುತ್ತದೆ. ದೀಪಾವಳಿಗೆ ಹಕ್ಕಳೆ, ಸಂಕ್ರಾಂತಿಗೆ ಮತ್ತೆ ಬಣ್ಣದ ಖರ್ಚು.

ಹಬ್ಬಕ್ಕೆ ಗೋಡೆ ಬೆಳ್ಳಗಾಗಲೇಬೇಕೆಂದರೆ ಸುಣ್ಣವಿದೆ. ಸುಣ್ಣ ಹಚ್ಚಿದ ಗೋಡೆ ಉಸಿರಾಡುತ್ತದೆ, ಒಳಗಿನ ತೇವ ಹೊರಗೆ ಬರಲು ಅಡ್ಡಿಯಿಲ್ಲ. ಜೊತೆಗೆ ಅದರ ಖಾರಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ. ಬೂಷ್ಟು ಹಿಡಿದ ಕಡೆ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ (ಒಣ ಪೊರಕೆ ಆಡಿಸಿದರೆ ಅದರ ಪುಡಿ ಮನೆಯೆಲ್ಲ ಹಾರಿ, ಉಬ್ಬಸದವರು ಇದ್ದರೆ ಆ ರಾತ್ರಿ ನಿದ್ದೆಯಿಲ್ಲ), ಹೊಳವಾದ ದಿನ ನೋಡಿ ತೆಳ್ಳಗೆ ಎರಡು ಸಲ ಸುಣ್ಣ ಹಚ್ಚಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಸುಣ್ಣ ಕಣ್ಣಿಗೆ ಸಿಡಿದರೆ ತಮಾಷೆಯಲ್ಲ.

ಇನ್ನು ರಿಪೇರಿಯ ಮಾತು. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಗಾರೆ ಕೆಲಸದವರನ್ನು ಕರೆಯಬೇಡಿ. ಅವರು ಬಂದರೆ ಗಿಲಾವು ಕೆತ್ತಿ ಹೊಸ ಗಿಲಾವು ಮಾಡಿ ಹೋಗುತ್ತಾರೆ, ಅದು ಅವರ ಕೆಲಸ. ನೀರಿನ ದಾರಿ ಹುಡುಕುವುದು ಮನೆಯಲ್ಲಿರುವವರ ಕೆಲಸ. ಕಲೆಯ ಆಕಾರವೇ ಅರ್ಧ ಕಥೆ ಹೇಳುತ್ತದೆ. ನೆಲದಿಂದ ಮೇಲಕ್ಕೆ ಎರಡು ಮೂರು ಅಡಿ ಎತ್ತರಕ್ಕೆ ಒಂದೇ ಮಟ್ಟದಲ್ಲಿ ಹಸಿಯಿದ್ದರೆ ನೀರು ಅಡಿಪಾಯದಿಂದ ಏರುತ್ತಿದೆ. ಕಿಟಕಿಯ ಮೂಲೆಯಿಂದ ಇಳಿದಿದ್ದರೆ ಸಜ್ಜಾದ ಬಿರುಕು ನೋಡಿ. ಛಾವಣಿಯಲ್ಲಿ ದುಂಡಗಿನ ಕಲೆಯಿದ್ದು, ಅದು ಮಳೆಯೇ ಇಲ್ಲದ ಏಪ್ರಿಲ್‌ನಲ್ಲೂ ಬೆಳೆಯುತ್ತಿದ್ದರೆ ಆಕಾಶವನ್ನು ಬೈದು ಉಪಯೋಗವಿಲ್ಲ, ಮೇಲಿನ ಮನೆಯ ಬಚ್ಚಲಿನ ಕೊಳವೆ ಸೋರುತ್ತಿದೆ. ಮೇಲಿನವರ ಬಳಿ ಜಗಳವಾಡಬೇಡಿ, ಒಂದು ದಿನ ಆ ಬಚ್ಚಲು ಬಳಸದೆ ನೋಡೋಣ ಎಂದು ಕೇಳಿ. ಕಲೆಯ ಅಂಚು ಒಣಗತೊಡಗಿದರೆ ವಿಷಯ ಇತ್ಯರ್ಥವಾಯಿತು.

ಅನುಮಾನವಿದ್ದರೆ ಒಂದು ಪರೀಕ್ಷೆ ಇದೆ. ಒಂದು ಮೊಳ ಉದ್ದಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಸಿ ಗೋಡೆಗಿಟ್ಟು, ನಾಲ್ಕೂ ಅಂಚಿಗೆ ಅಗಲದ ಟೇಪ್ ಒತ್ತಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ, ಅಂದರೆ ಗೋಡೆಯ ಕಡೆ ಹನಿ ಕೂತಿದ್ದರೆ ನೀರು ಗೋಡೆಯ ಒಳಗಿನದು. ನಮ್ಮ ಕಡೆಗೆ ಬೆವರಿದ್ದರೆ ಅದು ಕೋಣೆಯ ಆವಿ, ಗಾಳಿಯಾಡದೆ ಕೂತದ್ದು. ಎರಡನೆಯದಕ್ಕೆ ಗಾರೆ ಕೆಲಸವೇ ಬೇಡ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ, ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬೇಡಿ, ಮಳೆ ಹೊಳವಾದಾಗ ಎದುರುಬದುರು ಕಿಟಕಿ ತೆರೆದು ಫ್ಯಾನ್ ಹಾಕಿ. ಜಡಿಮಳೆ ಸುರಿಯುತ್ತಿರುವಾಗ ಕಿಟಕಿ ತೆರೆದಿಟ್ಟರೆ ಹೊರಗಿನ ತೇವವೇ ಒಳಗೆ ಬರುತ್ತದೆ. ಕೋಣೆ ಬೆಚ್ಚಗಾಗಲೆಂದು ಬಾಗಿಲು ಹಾಕಿಕೊಂಡು ಇದ್ದಿಲ ಒಲೆ ಇಡುವವರು ಇನ್ನೂ ಇದ್ದಾರೆ. ಅದರ ಹೊಗೆ ಪ್ರಾಣ ತೆಗೆಯುತ್ತದೆ, ಖಂಡಿತ ಬೇಡ.

ಗೋಡೆ ಒಣಗತೊಡಗಿದಾಗ ಬಿಳಿಯ ಪುಡಿ ಹೂವಿನಂತೆ ಅರಳುತ್ತದೆ. ಬೂಷ್ಟೆಂದು ಹೆದರಬೇಡಿ, ಅದು ಉಪ್ಪು. ಬೆರಳಲ್ಲಿ ಉಜ್ಜಿದರೆ ಗರಗರ ಎನ್ನುತ್ತದೆ, ನೀರು ತಾಗಿಸಿದರೆ ಮಾಯವಾಗುತ್ತದೆ. ಮಾಯವಾಯಿತೆಂದು ಎಲ್ಲರೂ ಮಾಡುವುದು ಅದನ್ನೇ, ಬಕೆಟ್ ತುಂಬ ನೀರು ತಂದು ತೊಳೆಯುವುದು. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ, ಒಣಗಿದಾಗ ಮತ್ತೆ ಹೊರಗೆ ಬಂದು ಗಿಲಾವನ್ನು ಪುಡಿ ಮಾಡುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಕೆಳಗೆ ಕಾಗದ ಹಾಸಿ, ಬಿದ್ದದ್ದನ್ನು ಮನೆಯಿಂದ ದೂರ ಎಸೆಯಿರಿ. ವಾರಕ್ಕೊಮ್ಮೆ ಹೀಗೆ ಮಾಡುತ್ತಿದ್ದರೆ ಪುಡಿ ಕಡಿಮೆಯಾಗುತ್ತ ಬರುತ್ತದೆ. ಪುಡಿ ಬರುವುದು ನಿಂತ ಮೇಲೆಯೇ ಗಿಲಾವಿನ ಮಾತು. ನನ್ನ ಲೆಕ್ಕದಲ್ಲಿ ತುಳಸಿ ಮದುವೆ ಮುಗಿಯುವವರೆಗೆ ಕಾಯಬೇಕು, ಜನವರಿಯಾದರೆ ಇನ್ನೂ ಒಳ್ಳೆಯದು.

ಗಿಲಾವು ತೆಗೆಸುವಾಗ ಹಸಿ ಕಂಡಷ್ಟೇ ಕೆತ್ತಿಸಿದರೆ ಸಾಲದು, ಅದರ ಮೇಲೆ ಒಂದಡಿ ಹೆಚ್ಚು ತೆಗೆಸಿ. ಮರಳನ್ನು ನೀವೇ ನಿಂತು ನೋಡಿ. ನದಿ ಕಡಲು ಸೇರುವ ಕಡೆ ತೆಗೆದ ಮರಳಿನಲ್ಲಿ ಉಪ್ಪಿರುತ್ತದೆ. ಒಂದು ಹಿಡಿ ಮರಳನ್ನು ಲೋಟದ ಸಿಹಿನೀರಿನಲ್ಲಿ ಕದಡಿ, ತಿಳಿಯಾದ ನೀರನ್ನು ನಾಲಗೆಯ ತುದಿಗೆ ಮುಟ್ಟಿಸಿ ಉಗುಳಿ. ಉಪ್ಪೆನಿಸಿದರೆ ಆ ಮರಳು ಬೇಡ. ಕಡಲ ದಂಡೆಯ ಬಾವಿಯ ಸವುಳು ನೀರನ್ನು ಸಿಮೆಂಟು ಕಲಸಲಿಕ್ಕೂ ಕ್ಯೂರಿಂಗಿಗೂ ಬಳಸಬಾರದು. ಹೊರಗೋಡೆಗೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ಒಳಗೋಡೆಗೆ ಆರು. ಕನಿಷ್ಠ ಏಳು ದಿನ ನೀರು ಹಾಕಿ. ಆಮೇಲೆ ಮತ್ತೆ ಪೂರ್ತಿ ಒಣಗಲು ಬಿಟ್ಟು ಬಣ್ಣ, ಈಗ ನಿಮಗಿಷ್ಟವಾದ ಕಂಪನಿಯದು.

ನೆರೆ ನುಗ್ಗಿದ ಮನೆಯ ಸಂಗತಿಯೇ ಬೇರೆ. 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ಕಾಳಿ ಉಕ್ಕಿದಾಗ ಕದ್ರಾ, ಮಲ್ಲಾಪುರದ ಕಡೆಯ ಜನ ಅದನ್ನು ಕಂಡಿದ್ದಾರೆ. ಅಂಕೋಲೆಯಲ್ಲಿ ಗಂಗಾವಳಿಯ ದಂಡೆಯವರಿಗೂ ಅದು ಹೊಸದಲ್ಲ. ನೀರು ಇಳಿದ ಮನೆಗೆ ಹೋದೊಡನೆ ಸ್ವಿಚ್ ಮುಟ್ಟಬೇಡಿ. ನೀರಿನಲ್ಲಿ ನಿಂತು ಮೇನ್ ಸ್ವಿಚ್ಚಿಗೂ ಕೈ ಹಾಕಬೇಡಿ, ಹೆಸ್ಕಾಂನವರಿಗೆ ಹೇಳಿ ಹೊರಗಿನಿಂದಲೇ ಲೈನ್ ತೆಗೆಸಿ. ಬೋರ್ಡುಗಳೊಳಗೆ ಕೆಸರು ಕೂತಿರುತ್ತದೆ, ಎಲೆಕ್ಟ್ರಿಷಿಯನ್ ಬಿಚ್ಚಿ ನೋಡುವವರೆಗೆ ಕರೆಂಟ್ ಬೇಡ. ಕೆಸರು ತೆಗೆಯುವ ಮೊದಲು ಪ್ರತಿ ಕೋಣೆಯ ಫೋಟೊ ತೆಗೆಯಿರಿ, ಗೋಡೆಯ ಮೇಲಿನ ನೀರಿನ ಗೆರೆ ಕಾಣುವಂತೆ. ಗ್ರಾಮ ಆಡಳಿತಾಧಿಕಾರಿ ಪಂಚನಾಮೆಗೆ ಬರುವಷ್ಟರಲ್ಲಿ ನೀವು ಮನೆ ತೊಳೆದು ಮುಗಿಸಿದ್ದರೆ ತೋರಿಸಲು ಏನೂ ಉಳಿದಿರುವುದಿಲ್ಲ. ಕಾಲಿಗೆ ಗಮ್‌ಬೂಟ್ ಹಾಕಿ, ಇಲಿಜ್ವರ ಬರುವುದು ಇಂಥ ನೀರಿನಿಂದಲೇ. ಕೆಸರು ಹಸಿಯಿರುವಾಗಲೇ ಎಳೆದು ಹಾಕಿ, ಒಣಗಿದರೆ ಗುದ್ದಲಿ ಬೇಕಾಗುತ್ತದೆ. ನೆಲಕ್ಕೆ ಬ್ಲೀಚಿಂಗ್ ಪೌಡರ್ ಹಾಕುವಾಗ ಶೌಚಾಲಯ ತೊಳೆಯುವ ಆಸಿಡ್ ಅದರ ಹತ್ತಿರವೂ ಬರಬಾರದು, ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಹತ್ತಿಯ ಹಾಸಿಗೆ ನೆನೆದಿದ್ದರೆ ಆಸೆ ಬಿಡಿ.

ತಾರಸಿಯ ಮನೆಗಳಲ್ಲಿ ಮಾತ್ರ ನಾನು ಧೈರ್ಯ ಹೇಳದ ಒಂದು ವಿಷಯವಿದೆ. ಛಾವಣಿಯಲ್ಲಿ ಕಂದು ಗೆರೆ ಮೂಡಿ, ಅದರ ಗುಂಟ ಕಾಂಕ್ರೀಟು ಉಬ್ಬಿ, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬಂದರೆ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದಿದೆ. ತುಕ್ಕು ಹಿಡಿದ ಸರಳು ದಪ್ಪವಾಗಿ ಕಾಂಕ್ರೀಟನ್ನು ಒಡೆಯುತ್ತದೆ, ಉಪ್ಪುಗಾಳಿಯ ಊರಿನಲ್ಲಿ ಇದು ಬೇಗ. ಅದರ ಕೆಳಗಿನ ಮಂಚವನ್ನು ಇವತ್ತೇ ಸರಿಸಿ. ಸಿಮೆಂಟು ಮೆತ್ತಿ ಮುಚ್ಚುವುದು ಪರಿಹಾರವಲ್ಲ. ಸಡಿಲಾದದ್ದನ್ನೆಲ್ಲ ಉದುರಿಸಿ, ಸರಳಿನ ತುಕ್ಕು ಉಜ್ಜಿ, ತುಕ್ಕು ನಿರೋಧಕ ಹಚ್ಚಿಯೇ ಮುಚ್ಚಬೇಕು. ಸರಳು ಸವೆದು ತೆಳ್ಳಗಾಗಿದ್ದರೆ ಇಂಜಿನಿಯರ್ ನೋಡಲೇಬೇಕು.

ವಸತಿಗೃಹದವರು ಗೋಡೆ ಒಡೆಯುವ ಹಾಗಿಲ್ಲ, ಮನೆ ನಮ್ಮದಲ್ಲ. ನೀವು ಮಾಡಬಹುದಾದದ್ದು ದಾಖಲೆ. ಹಸಿಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಹದಿನೈದು ದಿನ ಬಿಟ್ಟು ಅಂಚು ಎಲ್ಲಿದೆಯೋ ಅಲ್ಲಿಗೆ ಇನ್ನೊಂದು ಗೆರೆ, ಇನ್ನೊಂದು ತಾರೀಖು. ಆ ಗೆರೆಗಳ ಫೋಟೊ ಲಗತ್ತಿಸಿ ಬರೆದ ಅರ್ಜಿ ಬಾಯಿಮಾತಿನ ದೂರಿಗಿಂತ ಗಟ್ಟಿ. ಕೊಟ್ಟ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಂಡೇ ಬನ್ನಿ. ಅರ್ಜಿ ಮಳೆಗಾಲದಲ್ಲೇ ಹೋಗಬೇಕು. ಅಂದಾಜುಪಟ್ಟಿ, ಮಂಜೂರಾತಿ ಎಂದು ತಿಂಗಳುಗಳು ಕಳೆಯುತ್ತವೆ, ಮಾರ್ಚ್ ಮುಗಿದರೆ ಆ ವರ್ಷದ ಅನುದಾನವೂ ಮುಗಿಯಿತು. ಉತ್ತರ ಬರುವವರೆಗೆ ತಾರಸಿಯ ನೀರು ಹೋಗುವ ಬಾಯಿಯಲ್ಲಿ ಕೂತ ಎಲೆ ತೆಗೆಯಲು, ಪ್ಯಾರಾಪೆಟ್ಟಿನ ಬಿರುಕಿನಲ್ಲಿ ಹುಟ್ಟಿದ ಅಶ್ವತ್ಥದ ಸಸಿಯನ್ನು ಬೇರುಸಹಿತ ಕೀಳಲು, ಪಶ್ಚಿಮದ ಗೋಡೆಗೆ ಒಂದು ಮಡಲಿನ ತಟ್ಟಿ ಕಟ್ಟಲು ಯಾರ ಮಂಜೂರಾತಿಯೂ ಬೇಕಿಲ್ಲ.