ಸೈಕಲ್ ಹೆಲ್ಮೆಟ್ ಸರಿಯಾಗಿ ಕಟ್ಟಿಕೊಳ್ಳುವುದು ಹೇಗೆ?

ಭಾನುವಾರ ಬೆಳಿಗ್ಗೆ ಉಡುಪಿಯಿಂದ ಮಲ್ಪೆಯತ್ತ ಹೊರಡುವ ಸೈಕಲ್ ಸವಾರರನ್ನು ಗಮನಿಸಿ. ತಲೆಯ ಮೇಲೆ ಹೆಲ್ಮೆಟ್ ಇದೆ, ಆದರೆ ಎಷ್ಟೋ ಜನರದ್ದು ಹಿಂದಕ್ಕೆ ವಾಲಿ ಹಣೆ ಪೂರ್ತಿ ಬಯಲಾಗಿರುತ್ತದೆ. ಮುಗ್ಗರಿಸಿ ಬಿದ್ದರೆ ನೆಲಕ್ಕೆ ಬಡಿಯುವುದು ಆ ಹಣೆಯೇ.

ಕೊಳ್ಳುವುದು ಸುಲಭ. ಹುಬ್ಬಿನ ಮೇಲೆ ಟೇಪು ಸುತ್ತಿ ತಲೆಯ ಅಳತೆ ತೆಗೆದುಕೊಳ್ಳಿ. ಒಳಗೆ ಇಎನ್ 1078 (ಯುರೋಪಿನ ಸುರಕ್ಷತಾ ಮಾನದಂಡ) ಅಥವಾ ಸಿಪಿಎಸ್‌ಸಿ (ಅಮೆರಿಕದ್ದು) ಎಂಬ ಗುರುತು ಇರಲಿ. ತೆಳು ಪ್ಲಾಸ್ಟಿಕ್ ಚಿಪ್ಪು, ಒಳಗೆ ಬರೀ ಸ್ಪಂಜು ಇರುವ ಅಗ್ಗದ ಮಾಲನ್ನು ಮುಟ್ಟಬೇಡಿ. ಪೆಟ್ಟನ್ನು ಹೀರುವುದು ಗಟ್ಟಿ ಥರ್ಮಾಕೋಲಿನಂಥ ಪದರ. ಅದು ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದೆ. ಹಾಗಾಗಿ ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಎಸೆಯಿರಿ. ಮಗು ಬೆಳೆಯುತ್ತದೆಂದು ದೊಡ್ಡ ಅಳತೆಯದನ್ನು ತರುವ ಉಳಿತಾಯವೂ ಬೇಡ.

ಕಷ್ಟವಿರುವುದು ಪಟ್ಟಿಗಳಲ್ಲಿ. ಅಂಗಡಿಯವರು ಇದನ್ನು ಹೇಳಿಕೊಡುವುದು ಅಪರೂಪ. ಕನ್ನಡಿಯ ಮುಂದೆ ನಿಂತು ಹೆಲ್ಮೆಟ್ಟನ್ನು ಮಟ್ಟಸವಾಗಿ ಇಟ್ಟುಕೊಳ್ಳಿ. ಅದರ ಅಂಚಿಗೂ ಹುಬ್ಬಿಗೂ ನಡುವೆ ಎರಡು ಬೆರಳಿನ ಜಾಗವಷ್ಟೇ ಇರಬೇಕು. ಜುಟ್ಟು ಎತ್ತರಕ್ಕೆ ಕಟ್ಟಿದ್ದರೆ ಕೆಳಗಿಳಿಸಿ. ಹಿಂಬದಿಯ ತಿರುಪನ್ನು ಹೆಲ್ಮೆಟ್ ಅಲುಗದಷ್ಟು ಬಿಗಿಮಾಡಿ. ಈಗ ಎರಡೂ ಕಡೆಯ ಕ್ಲಿಪ್ಪನ್ನು ಸರಿಸಿ, ಮುಂದಿನ ಪಟ್ಟಿ ಮತ್ತು ಹಿಂದಿನ ಪಟ್ಟಿ ಕಿವಿಯ ಹಾಲೆಯ ಕೆಳಗೆ ಕೂಡುವಂತೆ ಮಾಡಿ. ಗಲ್ಲದ ಪಟ್ಟಿಗೆ ಕೈ ಹಾಕುವುದು ಕೊನೆಗೆ. ಎಲ್ಲರೂ ಅದನ್ನೇ ಮೊದಲು ಎಳೆಯುತ್ತಾರೆ, ಕುತ್ತಿಗೆ ಬಿಗಿಯಿತೆಂದು ಮತ್ತೆ ಸಡಿಲಿಸುತ್ತಾರೆ, ಅಲ್ಲಿಗೆ ಕೆಲಸ ಕೆಟ್ಟಿತು. ಒಂದು ಬೆರಳು ತೂರುವಷ್ಟು ಸಡಿಲ ಸಾಕು. ಬಾಯಿ ದೊಡ್ಡದಾಗಿ ತೆರೆದಾಗ ಹೆಲ್ಮೆಟ್ ತಲೆಯನ್ನು ಕೆಳಕ್ಕೆ ಒತ್ತಬೇಕು. ಮುಂಭಾಗವನ್ನು ಅಂಗೈಯಿಂದ ಮೇಲಕ್ಕೆ ತಳ್ಳಿ: ಹಿಂದಕ್ಕೆ ಜಾರಿದರೆ ಮುಂದಿನ ಪಟ್ಟಿಯನ್ನು ಗಿಡ್ಡಮಾಡಿ. ಹಿಂಭಾಗ ತಳ್ಳಿದಾಗ ಕಣ್ಣಿನ ಮೇಲೆ ಇಳಿದರೆ ಹಿಂದಿನದನ್ನು.

ನಮ್ಮ ಸೆಖೆಗೆ ಒಳಗಿನ ಮೆತ್ತೆಗಳು ಬೇಗ ನಾರುತ್ತವೆ. ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆಯಿರಿ. ಥಿನ್ನರ್, ಪೆಟ್ರೋಲ್ ಸೋಕಿದರೆ ಥರ್ಮಾಕೋಲ್ ಕರಗುತ್ತದೆ.

ರಸ್ತೆಗಿಳಿದ ಮೇಲೆ ಎಡಬದಿ ಬಿಡಬೇಡಿ. ಹೆದ್ದಾರಿ 66ರ ಸರ್ವಿಸ್ ರಸ್ತೆಯಲ್ಲಿ ಸುತ್ತು ತಪ್ಪಿಸಲು ಎದುರು ದಿಕ್ಕಿನಲ್ಲಿ ಬರುವವರಿದ್ದಾರೆ. ಅಡ್ಡರಸ್ತೆಯಿಂದ ಹೊರಬರುವ ಚಾಲಕ ಆ ಕಡೆ ನೋಡುವುದೇ ಇಲ್ಲ. ನಿಂತ ಬಸ್ಸಿನ ಎಡಕ್ಕೆ ನುಸುಳುವುದೂ ಅಷ್ಟೇ ಅಪಾಯ, ಏಕೆಂದರೆ ಜನ ಇಳಿಯುವುದು ಆ ಕಡೆಗೇ. ಬಸ್ಸಿನ ಹಿಂದೆಯೇ ನಿಂತು ಕಾಯಿರಿ. ನಿಲ್ಲಿಸಿದ ಕಾರುಗಳಿಂದ ಒಂದು ಬಾಗಿಲಿನ ಅಗಲದಷ್ಟು ದೂರವಿರಿ. ಮಂಗಳೂರಿನ ನಂತೂರು ವೃತ್ತದಲ್ಲಿ ನನ್ನ ಸಲಹೆ ಒಂದೇ: ಇಳಿದು ತಳ್ಳಿಕೊಂಡು ದಾಟಿ.

ಹಿಂದೆ ಕೆಂಪು ದೀಪವಿರಲಿ, ಮಳೆಗಾಲದಲ್ಲಿ ಹಗಲೂ ಉರಿಯಲಿ. ಚಕ್ರದ ಅಂಚನ್ನು ಹಿಡಿಯುವ ರಿಮ್ ಬ್ರೇಕ್ ಒದ್ದೆಯಾದರೆ ತಡವಾಗಿ ಹಿಡಿಯುತ್ತದೆ, ಮೊದಲೇ ಒತ್ತಲು ಶುರುಮಾಡಿ. ರೇನ್‌ಕೋಟಿನ ಟೋಪಿಯನ್ನು ಹೆಲ್ಮೆಟ್ಟಿನೊಳಗೆ ತುರುಕಬೇಡಿ: ಕಟ್ಟಿದ ಅಳತೆ ಕೆಡುತ್ತದೆ, ಜತೆಗೆ ತಿರುಗಿ ನೋಡುವಾಗ ಅದೇ ಕಣ್ಣಿಗೆ ಅಡ್ಡ ಬಂದು ಹಿಂದಿನ ಎಕ್ಸ್‌ಪ್ರೆಸ್ ಬಸ್ಸು ಕಾಣಿಸುವುದಿಲ್ಲ. ತಲೆ ನೆನೆಯಲಿ ಬಿಡಿ.