ಗೇರ್‌ಬಾಕ್ಸಿನ ಎಣ್ಣೆ ಮಟ್ಟಕ್ಕೆ ಗೌಂಡಿಯ ನೀರಿನ ಪೈಪು: ನನ್ನ ಅನುಭವ

ನನ್ನ ಬಾಡಿಗೆ ಕಾರಿನ ಐದನೆಯ ಗೇರಿನಲ್ಲಿ ಬರುತ್ತಿದ್ದ ಊಳಿಡುವ ಸದ್ದು ನಿಂತು 14 ತಿಂಗಳಾಯಿತು. ಕಲಬುರಗಿಯ ಮೂವರು ಮೆಕ್ಯಾನಿಕರು ಗೇರ್ ಪೆಟ್ಟಿಗೆ ಬಿಚ್ಚದೆ ಇದು ಹೋಗುವುದಿಲ್ಲ ಎಂದಿದ್ದರು. ಒಬ್ಬರು ಬೇರಿಂಗಿಗೆ 12 ಸಾವಿರ ಕೇಳಿದರೆ, ಇನ್ನೊಬ್ಬರು ಹಳೆಯ ಪೆಟ್ಟಿಗೆಯೊಂದನ್ನು ತಂದು ಕೂರಿಸಲು 20 ಸಾವಿರದ ಮಾತಾಡಿದ್ದರು. ಪೆಟ್ಟಿಗೆಯನ್ನು ಬಿಚ್ಚದೆಯೇ ಕೆಲಸವಾಯಿತು. ನನಗೆ ತಗುಲಿದ್ದು ಎಲ್ಲ ಸೇರಿ ಸುಮಾರು 7,500 ರೂಪಾಯಿ, ಅದರಲ್ಲಿಯೂ ಅರ್ಧದಷ್ಟು ನನ್ನ ತಪ್ಪುಗಳಿಗೆ ಹೋಯಿತು.

ಕಮಲಾಪುರ ದಾಟಿ ವೇಗ ಹಿಡಿದಾಗ ಮಾತ್ರ ಸದ್ದು ಬರುತ್ತಿತ್ತು. ಈ ಪೆಟ್ಟಿಗೆಯಲ್ಲಿ ಐದನೆಯ ಗೇರು ತುದಿಯ ಮುಚ್ಚಳದ ಒಳಗಿರುವುದರಿಂದ ಎಣ್ಣೆ ಇಳಿದಾಗ ಮೊದಲು ಒಣಗುವುದು ಅದೇ ಎಂಬುದು ನನ್ನ ಅನುಮಾನವಾಗಿತ್ತು. ಹಾಲಿನ ಅಳತೆಯ ಪಾತ್ರೆಗೆ ಇಳಿಸಿ ನೋಡಿದಾಗ 2.2 ಲೀಟರ್ ಇರಬೇಕಾದಲ್ಲಿ ಸಿಕ್ಕಿದ್ದು 1.4 ಲೀಟರ್ ಮಾತ್ರ. ಮುಂಭಾಗವನ್ನು ಜಾಕಿನಿಂದ ಎತ್ತಿ, ಎಣ್ಣೆ ತುಂಬುವ ರಂಧ್ರದಿಂದ ಹೊರಸುರಿಯುವವರೆಗೆ ಹೊಸ ಎಣ್ಣೆ ತುಂಬಿದೆ. ಊಳು ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ನನ್ನ ಕಾರಿನಲ್ಲಿ ತುಂಬುವ ರಂಧ್ರವು ಪೆಟ್ಟಿಗೆಯ ಹಿಂಬದಿಗಿದೆ; ಮೂತಿ ಮೇಲೆದ್ದಾಗ ಆ ರಂಧ್ರ ಕೆಳಗಿಳಿದು, ಪೆಟ್ಟಿಗೆ ತುಂಬುವ ಮೊದಲೇ ಎಣ್ಣೆ ಹೊರಗೆ ಬರುತ್ತದೆ. ರಂಧ್ರ ಮುಂಬದಿಗಿರುವ ಗಾಡಿಗಳಲ್ಲಿ ಇದೇ ತಪ್ಪು ಹೆಚ್ಚುವರಿ ಎಣ್ಣೆಯಾಗಿ, ಸೋರಿಕೆ ತಡೆಯುವ ಸೀಲಿನಿಂದ ಹೊರಬೀಳುತ್ತದೆ.

ಕಾರು ಸಮತಟ್ಟಾಗಿರಲು ನಾಲ್ಕೂ ಚಕ್ರ ನೆಲದ ಮೇಲಿದ್ದರೆ ಸಾಕೆಂದು ಅಂಗಳದಲ್ಲಿಯೇ ನಿಲ್ಲಿಸಿದೆ, ಅದೂ ತಪ್ಪಾಯಿತು. ಶಹಾಬಾದಿನ ಫರ್ಸಿ ಹಾಸಿದ ಅಂಗಳ ಕಣ್ಣಿಗೆ ಸಮತಟ್ಟಾಗಿ ಕಂಡರೂ, ಮಳೆನೀರು ಹರಿಯಲೆಂದು ಗೌಂಡಿಗಳು ಗೇಟಿನ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ಪಕ್ಕದ ಮನೆ ಕಟ್ಟುತ್ತಿದ್ದ ಗೌಂಡಿಯವರ ನೀರಿನ ಮಟ್ಟದ ಪೈಪನ್ನು ಕೇಳಿ ತಂದು ಅಳೆದಾಗ, ಕಾರಿನ ಉದ್ದಕ್ಕೆ ಎರಡು ಇಂಚಿನಷ್ಟು ವ್ಯತ್ಯಾಸ ಕಂಡಿತು. ಎತ್ತರ ಹೊಂದಿಸಬಹುದಾದ ನಾಲ್ಕು ಸ್ಟ್ಯಾಂಡುಗಳನ್ನು ಮೂರು ಸಾವಿರದ ಆಸುಪಾಸಿನಲ್ಲಿ ಕೊಂಡು, ಬಾಗಿಲ ಕೆಳಗಿನ ಜಾಕ್ ಬಿಂದುಗಳಿಗೆ ಪೈಪಿನ ಎರಡು ತುದಿ ಹಿಡಿದು, ನಾಲ್ಕು ಮೂಲೆಯಲ್ಲಿಯೂ ನೀರು ಒಂದೇ ಮಟ್ಟಕ್ಕೆ ಬರುವಂತೆ ನಿಲ್ಲಿಸಿದೆ.

ಇದನ್ನು ನೋಡಿದ ಹಳೆಯ ಮೆಕ್ಯಾನಿಕರೊಬ್ಬರು, "ಎರಡ್ ಲೀಟರ್ ಹಾಕಿ ಬಿಡ್ರಿ ಸರ್, ಮನಿ ಕಟ್ಟಿದಂಗ ಅಳತಿ ಯಾಕ ಹಿಡೀತೀರಿ?" ಎಂದರು. ಅಂದು ಇನ್ನೂ 350 ಮಿಲಿಯಷ್ಟು ಎಣ್ಣೆ ಒಳಗೆ ಹೋಯಿತು. ಬಗ್ಗಿಸಿದ ಸೈಕಲ್ ಕಡ್ಡಿಯನ್ನು ರಂಧ್ರದೊಳಗೆ ಇಳಿಸಿ ನೋಡಿದರೆ, ಎಣ್ಣೆಯ ಗೆರೆ ರಂಧ್ರದ ಕೆಳ ಅಂಚಿಗೆ ಸರಿಯಾಗಿ ನಿಂತಿತ್ತು. ಕಡ್ಡಿಯನ್ನು ಎಷ್ಟು ಬಗ್ಗಿಸಬೇಕು, ಕೊನೆಯ 100 ಮಿಲಿಯನ್ನು ಹೇಗೆ ಹಾಕಬೇಕು ಎಂಬುದು ನನ್ನ ಕೈಯಲ್ಲಿಯೇ ಇರಲಿ. ತುಂಬಿ ಹತ್ತು ನಿಮಿಷವಾದ ಮೇಲೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಅಳೆದೂ ನೋಡಿದೆ. ಮೇ ತಿಂಗಳ ಬಿಸಿಲಿಗೆ ಎಣ್ಣೆ ತೆಳುವಾಗಿದ್ದುದರಿಂದಲೋ ಏನೋ, ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಊಳು ನಿಂತಿತು. ಆದರೆ ಎರಡು ತಿಂಗಳಲ್ಲಿ ಮಟ್ಟ ಮತ್ತೆ ಇಳಿಯಿತು. ರಾತ್ರಿ ಹಾಸಿದ ರಟ್ಟಿನ ಮೇಲೆ ಎಡ ಆಕ್ಸೆಲ್ಲಿನ ನೇರಕ್ಕೆ ಏಳೆಂಟು ಹನಿ ಬಿದ್ದಿದ್ದವು. ಸೀಲನ್ನು ಎರಡು ಸಲ ಬದಲಿಸಿದೆ, ಕೂಲಿ ಸೇರಿ ಪ್ರತಿ ಸಲ ಸಾವಿರ ರೂಪಾಯಿ ನೀರಿನಂತೆ ಹೋಯಿತು. ಸೋರಿಕೆಯ ಮೂಲವಿದ್ದುದು ಪೆಟ್ಟಿಗೆಯ ನೆತ್ತಿಯ ಬ್ರೀದರಿನಲ್ಲಿ, ಅಂದರೆ ಒಳಗಿನ ಗಾಳಿ ಆಡುವ ಕಿರುದಾರಿಯಲ್ಲಿ. ಹಿಂದಿನ ಮಳೆಗಾಲದಲ್ಲಿ ತೊಗರಿ ಹೊಲದ ದಾರಿಯಲ್ಲಿ ಸಿಡಿದ ಎರೆಮಣ್ಣು ಅದರ ಮುಚ್ಚಳದ ಸುತ್ತ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೋಗಲು ದಾರಿಯಿಲ್ಲದೆ, ಸೀಲಿನ ತುಟಿಯನ್ನು ಸರಿಸಿ ಎಣ್ಣೆಯನ್ನು ಹೊರಗೆ ತಳ್ಳುತ್ತಿತ್ತು. ಸೂಜಿಯಿಂದ ಕೆರೆದು, ಡೀಸೆಲ್ಲಿನಲ್ಲಿ ತೊಳೆದು, ಬಾಯಿಯಿಂದ ಊದಿ ಗಾಳಿ ಆಡುವುದನ್ನು ಖಚಿತ ಮಾಡಿಕೊಂಡೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಎಣ್ಣೆಯ ವಿಷಯದಲ್ಲಿ ನನ್ನ ಹಟ ಒಂದೇ: ಕೈಪಿಡಿ ಜಿಎಲ್-4 ದರ್ಜೆಯ ಗೇರ್ ಎಣ್ಣೆ ಎಂದರೆ ಜಿಎಲ್-4. ಜಿಎಲ್-5ರಲ್ಲಿ ಹೆಚ್ಚಾಗಿರುವ ಗಂಧಕದ ಸೇರ್ಪಡೆಗಳು, ಗೇರು ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ಉಂಗುರಗಳನ್ನು ತಿನ್ನಬಹುದು. ಅಂಗಡಿಯವರು ಎರಡೂ ಒಂದೇ ಎಂದರೂ ನಾನು ಡಬ್ಬಿ ಹಿಂದಿರುಗಿಸಿದೆ.

ಬ್ರೀದರ್ ತೊಳೆದ ಮೇಲೆ ಸುಮಾರು 18 ಸಾವಿರ ಕಿಲೋಮೀಟರ್ ಓಡಿದೆ. ಕಳೆದ ವಾರ ಅದೇ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ಕಡ್ಡಿ ಇಳಿಸಿದಾಗ ಗೆರೆ ಅಂಚಿನಲ್ಲಿಯೇ ಇತ್ತು, ರಟ್ಟು ಒಣಗಿತ್ತು.